ಶಾಲೆ ಬದಲಿಸಿದರೆ ಕಾಲೇಜು ತಂಡದಲ್ಲಿ ಜಾಗ ಸಿಗುತ್ತದೆಯೇ?

ಅಮೆರಿಕದ ಕಾಲೇಜು ಕ್ರೀಡೆಯಿಂದ ಈಚೆಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶ ಕಲ್ಪಿಸುವ ಒಪ್ಪಂದಕ್ಕೆ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಜೂನ್ 6ರಂದು ಮುದ್ರೆ ಒತ್ತಿದರು. ಕ್ರೀಡಾ ವಿದ್ಯಾರ್ಥಿವೇತನಗಳ ಸಂಖ್ಯೆಗಿದ್ದ ಹಳೆಯ ಮಿತಿಯೂ ಅದರೊಂದಿಗೆ ಹೋಯಿತು. ಅದೇ ಹೊತ್ತಿಗೆ, ಆಗಲೇ ಕಾಲೇಜಿನಲ್ಲಿ ಆಡುತ್ತಿದ್ದ ಮಕ್ಕಳನ್ನು ತಂಡದಿಂದ ಕೈಬಿಟ್ಟ ವರದಿಗಳೂ ಬಂದವು. ಹಣ ಹೆಚ್ಚಿತು, ಜಾಗ ಕುಗ್ಗಿತು. ಎಂಟನೇ ತರಗತಿಯ ಮಗು ಚೆನ್ನಾಗಿ ಆಡುತ್ತಿದೆ, ಮುಂದಿನ ವರ್ಷ ಯಾವ ಹೈಸ್ಕೂಲಿಗೆ (ಅಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿ) ಸೇರಿಸಬೇಕು ಎಂದು ಯೋಚಿಸುತ್ತಿರುವ ಮನೆಗಳಲ್ಲಿ ಈ ಎರಡು ಸುದ್ದಿಗಳು ಎರಡು ವಿರುದ್ಧ ಸಲಹೆಗಳಾಗಿ ಕೇಳಿಸುತ್ತಿವೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳೂ ಇವುಗಳಲ್ಲಿ ಸೇರಿವೆ.

ಇದು ಕ್ರೀಡಾ ಕೋಟಾ ಅಲ್ಲ

ಕರ್ನಾಟಕದಲ್ಲಿ ಬೆಳೆದವರು ಮೊದಲು ಒಂದು ಹೋಲಿಕೆಯನ್ನು ಮನಸ್ಸಿನಿಂದ ತೆಗೆದುಹಾಕಬೇಕು. ನಮ್ಮಲ್ಲಿ ವೃತ್ತಿಶಿಕ್ಷಣದ ಕ್ರೀಡಾ ಕೋಟಾ ಎಂದರೆ ಪ್ರಮಾಣಪತ್ರದ ಲೆಕ್ಕ. ಯಾವ ಮಟ್ಟದಲ್ಲಿ ಆಡಿದ್ದೀರಿ, ಪದಕ ಬಂದಿದೆಯೇ ಎಂಬುದನ್ನು ನೋಡಿ ಸರ್ಕಾರವೇ ಪಟ್ಟಿ ಮಾಡುತ್ತದೆ. ಅಮೆರಿಕದಲ್ಲಿ ಅಂಥ ಪಟ್ಟಿ ಇಲ್ಲ. ಪ್ರತಿ ಕಾಲೇಜಿನ ಪ್ರತಿ ತಂಡದ ಕೋಚ್ ತನಗೆ ಬೇಕಾದವರನ್ನು ತಾನೇ ಹುಡುಕಿ ಆರಿಸುತ್ತಾನೆ. ರಾಜ್ಯ ಚಾಂಪಿಯನ್ ಆಗಿದ್ದರೂ ಆ ವರ್ಷ ಆ ತಂಡಕ್ಕೆ ಆ ಸ್ಥಾನದ ಆಟಗಾರ ಬೇಡವಾಗಿದ್ದರೆ ಕರೆ ಬರುವುದಿಲ್ಲ.

ಈ ಆಯ್ಕೆಗಳ ಮೇಲುಸ್ತುವಾರಿ ಸಂಸ್ಥೆಗಳಲ್ಲಿ ದೊಡ್ಡದು ಎನ್‌ಸಿಎಎ. ಅದರಲ್ಲಿ ಸುಮಾರು 1,100 ಕಾಲೇಜುಗಳಿವೆ, ಮೂರು ದರ್ಜೆಗಳಿವೆ. ಟಿವಿಯಲ್ಲಿ ಕಾಣುವ ದೊಡ್ಡ ವಿಶ್ವವಿದ್ಯಾಲಯಗಳು ಡಿವಿಷನ್ 1ರಲ್ಲಿವೆ. ಡಿವಿಷನ್ 2ರಲ್ಲಿ ವಿದ್ಯಾರ್ಥಿವೇತನ ಭಾಗಶಃ ಸಿಗುತ್ತದೆ. ಡಿವಿಷನ್ 3ರಲ್ಲಿ ಆಟದ ಹೆಸರಿನಲ್ಲಿ ಒಂದು ಡಾಲರ್ ಕೂಡ ಕೊಡುವಂತಿಲ್ಲ. ದೇಶದ ಹೈಸ್ಕೂಲ್ ಕ್ರೀಡಾಪಟುಗಳ ಸಂಖ್ಯೆ 80 ಲಕ್ಷ ದಾಟಿದೆ. ಎನ್‌ಸಿಎಎ ಕಾಲೇಜುಗಳಲ್ಲಿ ಆಡುವವರು 5 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಕಾಲೇಜಿನಲ್ಲಿ ಆಡಲು ಕ್ರೀಡಾ ವಿದ್ಯಾರ್ಥಿವೇತನ ಪಡೆಯುವವರು ಹೈಸ್ಕೂಲ್ ಆಟಗಾರರಲ್ಲಿ ಶೇ 2ರಷ್ಟು ಎಂದು ಎನ್‌ಸಿಎಎಯೇ ಹೇಳುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ನಮ್ಮವರ ಮನೆಗಳಲ್ಲಿ ಪ್ರೀತಿಯಿಂದ ಆಡುವ ಕ್ರಿಕೆಟ್ ಮತ್ತು ಬ್ಯಾಡ್ಮಿಂಟನ್ ಎರಡೂ ಎನ್‌ಸಿಎಎ ಚಾಂಪಿಯನ್‌ಷಿಪ್ ನಡೆಸುವ ಆಟಗಳಲ್ಲ. ಪ್ರಕಾಶ್ ಪಡುಕೋಣೆಯವರ ನಾಡಿನವರಿಗೆ ಇದು ಬೇಸರದ ಸಂಗತಿಯೇ.

2025ರ ಒಪ್ಪಂದ ಜಾಗವನ್ನು ಹೇಗೆ ಕುಗ್ಗಿಸಿತು

ಹಳೆಯ ನಿಯಮದಲ್ಲಿ ಮಿತಿ ಇದ್ದದ್ದು ವಿದ್ಯಾರ್ಥಿವೇತನಕ್ಕೆ. ಡಿವಿಷನ್ 1ರ ಬೇಸ್‌ಬಾಲ್ ತಂಡಕ್ಕೆ 11.7 ಪೂರ್ಣ ವಿದ್ಯಾರ್ಥಿವೇತನಗಳು ಸಿಗುತ್ತಿದ್ದವು, ಕೋಚ್ ಅವನ್ನು ತುಂಡು ಮಾಡಿ ಎರಡು ಡಜನ್ ಆಟಗಾರರಿಗೆ ಹಂಚುತ್ತಿದ್ದ. ಪುರುಷರ ಈಜಿಗೆ 9.9, ಪುರುಷರ ಟೆನಿಸ್‌ಗೆ 4.5. ಫುಟ್‌ಬಾಲ್‌ಗೆ, ಅಂದರೆ ಅಮೆರಿಕನ್ ಫುಟ್‌ಬಾಲ್‌ಗೆ, 85. ಹೊಸ ವ್ಯವಸ್ಥೆಯಲ್ಲಿ ಈ ಅಂಕಿಗಳು ಹೋಗಿ, ತಂಡದಲ್ಲಿ ಒಟ್ಟು ಎಷ್ಟು ಮಂದಿ ಇರಬಹುದು ಎಂಬ ಮಿತಿ ಬಂದಿದೆ: ಬೇಸ್‌ಬಾಲ್‌ಗೆ 34, ಈಜಿಗೆ 30, ಟೆನಿಸ್‌ಗೆ 10, ಫುಟ್‌ಬಾಲ್‌ಗೆ 105. ಈ ಮಿತಿಯೊಳಗೆ ಬೇಕಾದರೆ ಎಲ್ಲರಿಗೂ ಪೂರ್ಣ ಶುಲ್ಕ ಕೊಡಬಹುದು. ಕೊಡಲೇಬೇಕೆಂದಿಲ್ಲ.

ಕೇಳಲು ಇದು ಔದಾರ್ಯದಂತಿದೆ. ಆದರೆ ಹಿಂದೆ ದೊಡ್ಡ ಫುಟ್‌ಬಾಲ್ ತಂಡವೊಂದು 120ಕ್ಕೂ ಹೆಚ್ಚು ಹುಡುಗರನ್ನು ಇಟ್ಟುಕೊಳ್ಳುತ್ತಿತ್ತು. 85ರ ಆಚೆಗಿನವರು ತಮ್ಮದೇ ದುಡ್ಡಿನಲ್ಲಿ ಓದುತ್ತಾ, ಅಭ್ಯಾಸಕ್ಕೆ ಬರುತ್ತಾ, ಎರಡನೆಯ ಮೂರನೆಯ ವರ್ಷಕ್ಕೆ ಬಲಿತು ತಂಡದಲ್ಲಿ ನೆಲೆಯಾಗುತ್ತಿದ್ದರು. ಇವರನ್ನು ವಾಕ್-ಆನ್ ಎನ್ನುತ್ತಾರೆ. ತಡವಾಗಿ ಅರಳುವ ಹುಡುಗ ಹುಡುಗಿಯರಿಗೆ ಹಿತ್ತಿಲ ಬಾಗಿಲಂತಿದ್ದ ದಾರಿ ಇದು. ಒಪ್ಪಂದಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ಅದು ಬಹುಮಟ್ಟಿಗೆ ಮುಚ್ಚಿದೆ. ಆ ಮೊದಲೇ ತಂಡದಲ್ಲಿದ್ದ ಕೆಲವರಿಗೆ ನ್ಯಾಯಾಲಯ ವಿನಾಯಿತಿ ಕೊಡಿಸಿತು. ಹೊಸದಾಗಿ ಬರುವವರಿಗೆ ಅದು ಅನ್ವಯಿಸುವುದಿಲ್ಲ.

ಇದಕ್ಕೆ ಎರಡನೆಯ ಒತ್ತಡವೂ ಸೇರಿದೆ. 2024ರ ಏಪ್ರಿಲ್‌ನಿಂದ, ಓದಿನಲ್ಲಿ ಅರ್ಹತೆ ಉಳಿಸಿಕೊಂಡ ಕಾಲೇಜು ಆಟಗಾರ ಎಷ್ಟು ಬಾರಿ ಬೇಕಾದರೂ ಕಾಲೇಜು ಬದಲಿಸಿ ಮರುವರ್ಷವೇ ಆಡಬಹುದು. ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಪಟ್ಟಿಗೆ ಹೆಸರು ಸೇರಿಸಿದರೆ ಬೇರೆ ಕೋಚ್‌ಗಳು ಸಂಪರ್ಕಿಸುತ್ತಾರೆ. ಕೋಚ್‌ನ ಜಾಗದಲ್ಲಿ ನಿಂತು ನೋಡಿ. ಅವನ ಕೆಲಸ ಉಳಿಯುವುದು ಈ ವರ್ಷದ ಗೆಲುವಿನ ಮೇಲೆ. ಒಂದು ಜಾಗ ಖಾಲಿಯಿದೆ. ಒಂದು ಕಡೆ 18 ವರ್ಷದ, ಇನ್ನೂ ಮೈ ತುಂಬದ ಹುಡುಗ. ಇನ್ನೊಂದು ಕಡೆ 21 ವರ್ಷದ, ಮೂರು ವರ್ಷ ಕಾಲೇಜು ಪಂದ್ಯ ಆಡಿ ತೋರಿಸಿದವನು. ಬಾಣಲೆಯಲ್ಲಿ ಬೆಂದದ್ದು ಎದುರಿಗಿರುವಾಗ ಹಿಟ್ಟು ಕಲಸಲು ಯಾರು ಕೂರುತ್ತಾರೆ? ಇದರ ಜೊತೆಗೆ, ಎಷ್ಟು ವರ್ಷ ಕಾಲೇಜಿನಲ್ಲಿ ಆಡಬಹುದು ಎಂಬ ಮಿತಿಯೂ ನ್ಯಾಯಾಲಯಗಳಲ್ಲಿ ಅಲುಗಾಡುತ್ತಿದೆ. ಸಮುದಾಯ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಆಡಿದ ವರ್ಷಗಳನ್ನು ತನ್ನ ಲೆಕ್ಕಕ್ಕೆ ಸೇರಿಸಬಾರದೆಂದು ಕೇಳಿದ ಫುಟ್‌ಬಾಲ್ ಆಟಗಾರ ಡಿಯಾಗೊ ಪಾವಿಯಾ ಪರವಾಗಿ 2024ರ ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಹಿರಿಯರು ಹೆಚ್ಚು ಕಾಲ ಉಳಿದರೆ ಕಿರಿಯರ ಸಾಲು ಹಿಂದೆ ಸರಿಯುತ್ತದೆ.

ಹಣದ ಮಾತೂ ಇದೆ. 2025–26ರಲ್ಲಿ ಒಂದು ಕಾಲೇಜು ಆಟಗಾರರಿಗೆ ಹಂಚಬಹುದಾದ ಗರಿಷ್ಠ ಮೊತ್ತ ಸುಮಾರು 2.05 ಕೋಟಿ ಡಾಲರ್. ಇದರ ಸಿಂಹಪಾಲು ಫುಟ್‌ಬಾಲ್‌ಗೆ, ನಂತರದ್ದು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಈಜು, ಟೆನಿಸ್, ಓಟದ ತಂಡಗಳನ್ನು ನಡೆಸುವ ದುಡ್ಡು ಇದೇ ತಿಜೋರಿಯಿಂದ ಬರಬೇಕು. ಹಾಗಾಗಿ ಪತ್ರಿಕೆಯಲ್ಲಿ ಕಾಣುವ ಕೋಟಿಗಳಿಗೂ ಈಜುವ ಮಗಳ ವಿದ್ಯಾರ್ಥಿವೇತನಕ್ಕೂ ಇರುವ ಸಂಬಂಧ ಎಷ್ಟೋ ಸಲ ತಿರುಗುಮುರುಗು.

ದೊಡ್ಡ ಶಾಲೆಯ ವಾದ, ಹತ್ತಿರದ ಶಾಲೆಯ ವಾದ

ಜಾಗ ಕುಗ್ಗಿದಾಗ ತಂದೆತಾಯಿಯ ಮೊದಲ ಯೋಚನೆ ಮಗುವನ್ನು ಎಲ್ಲರ ಕಣ್ಣಿಗೆ ಬೀಳುವ ಶಾಲೆಗೆ ಹಾಕೋಣ ಎಂಬುದು. ಈ ವಾದಕ್ಕೆ ಬಲವಿದೆ. ಫ್ಲಾರಿಡಾದ ಐಎಂಜಿ ಅಕಾಡೆಮಿ, ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಮಾಂಟ್‌ವರ್ಡ್ ಅಕಾಡೆಮಿ, ಕ್ಯಾಲಿಫೋರ್ನಿಯಾದ ಮ್ಯಾಟರ್ ಡೇ, ಸೇಂಟ್ ಜಾನ್ ಬಾಸ್ಕೊ ಶಾಲೆಗಳ ಅಭ್ಯಾಸಕ್ಕೇ ಕಾಲೇಜು ಕೋಚ್‌ಗಳು ಬಂದು ನಿಲ್ಲುತ್ತಾರೆ. ಒಬ್ಬನನ್ನು ನೋಡಲು ಬಂದವರು ಪಕ್ಕದವನನ್ನೂ ನೋಡುತ್ತಾರೆ. ದಿನವೂ ತನಗಿಂತ ಗಟ್ಟಿಗರ ಎದುರು ಆಡಿದರೆ ಆಟ ಮೇಲೇರುತ್ತದೆ. ಮೇನ್ ರಾಜ್ಯದ ಸಣ್ಣ ಊರು ನ್ಯೂಪೋರ್ಟ್‌ನ ಕೂಪರ್ ಫ್ಲ್ಯಾಗ್ ಮಾಂಟ್‌ವರ್ಡ್‌ಗೆ ಹೋದರು, ಅಲ್ಲಿಂದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋದರು, ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸುವ 2025ರ ಡ್ರಾಫ್ಟ್‌ನಲ್ಲಿ ಮೊದಲಿಗರಾದರು.

ಇನ್ನೊಂದು ಪಕ್ಷದವರು ಇದೇ ಕಥೆಯ ಮೊದಲ ಪುಟವನ್ನು ತೋರಿಸುತ್ತಾರೆ. ಫ್ಲ್ಯಾಗ್ ಒಂಬತ್ತನೇ ತರಗತಿಯನ್ನು ಊರಿನ ಸರ್ಕಾರಿ ಶಾಲೆಯಲ್ಲೇ ಓದಿ, ಆ ತಂಡಕ್ಕೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟಿದ್ದರು. ದೊಡ್ಡ ಶಾಲೆ ಅವರನ್ನು ಕರೆದದ್ದು ಅವರು ಆಗಲೇ ಫ್ಲ್ಯಾಗ್ ಆಗಿದ್ದರಿಂದ. ಜೋಶ್ ಆ್ಯಲೆನ್ ಅವರದು ಇದಕ್ಕೂ ಗಡುಸಾದ ಉದಾಹರಣೆ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಕೃಷಿ ಊರಿನ ಶಾಲೆಯಲ್ಲಿ ಆಡಿದ ಅವರಿಗೆ ಡಿವಿಷನ್ 1ರ ಒಂದು ವಿದ್ಯಾರ್ಥಿವೇತನವೂ ಬರಲಿಲ್ಲ. ಸಮುದಾಯ ಕಾಲೇಜಿಗೆ ಹೋಗಿ, ಅಲ್ಲಿಂದ ವಯೋಮಿಂಗ್‌ಗೆ ಹೋಗಿ, ಕೊನೆಗೆ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2024ರ ಋತುವಿನ ಅತ್ಯುತ್ತಮ ಆಟಗಾರರಾದರು.

ಎರಡೂ ಕಡೆಯವರು ಗೆದ್ದವರ ಹೆಸರುಗಳನ್ನೇ ಹೇಳುತ್ತಾರೆ ಎಂಬುದು ಇಲ್ಲಿನ ತೊಡಕು. ಹೆಸರಾಂತ ಶಾಲೆಯ ಬೆಂಚಿನಲ್ಲಿ ನಾಲ್ಕು ವರ್ಷ ಕೂತವನ ಕಥೆಯನ್ನು ಯಾವ ಶಾಲೆಯೂ ತನ್ನ ಪುಸ್ತಿಕೆಯಲ್ಲಿ ಅಚ್ಚು ಹಾಕುವುದಿಲ್ಲ. ಸಾಮಾನ್ಯಕ್ಕಿಂತ ಮೇಲಿರುವ, ಆದರೆ ಅಸಾಧಾರಣನಲ್ಲದ ಮಗುವಿಗೆ ನಿಜವಾಗಿ ಬೇಕಾದದ್ದು ಪಂದ್ಯದ ನಿಮಿಷಗಳು. ಆಡದವನ ವಿಡಿಯೊ ಇರುವುದಿಲ್ಲ. ವಿಡಿಯೊ ಇಲ್ಲದವನನ್ನು ಕೋಚ್ ನೋಡುವುದೇ ಇಲ್ಲ. ಈ ಕಾರಣಕ್ಕೆ ಹೆಚ್ಚಿನ ಮನೆಗಳ ವಿಷಯದಲ್ಲಿ ಹತ್ತಿರದ ಶಾಲೆಯ ವಾದದ ತೂಕವೇ ಹೆಚ್ಚೆಂದು ಈ ಲೇಖಕನ ಎಣಿಕೆ. ಇದಕ್ಕೆ ಇನ್ನೂ ದೊಡ್ಡ ಕಾರಣ ಒಂದಿದೆ. ಬಹಳಷ್ಟು ಆಟಗಳಲ್ಲಿ ಕಾಲೇಜು ಕೋಚ್ ಹೈಸ್ಕೂಲ್ ತಂಡದ ಕಡೆ ತಿರುಗಿಯೂ ನೋಡುವುದಿಲ್ಲ.

ಆಟಕ್ಕೊಂದು ನ್ಯಾಯ

ಫುಟ್‌ಬಾಲ್‌ನಲ್ಲಿ ಹೈಸ್ಕೂಲೇ ರಂಗಸ್ಥಳ. ಪೂರ್ಣ ಸಜ್ಜಿನ, ಹನ್ನೊಂದು ಜನರ ತಂಡಕ್ಕೆ ಶಾಲೆಯ ಹೊರಗೆ ಗಂಭೀರವಾದ ಬೇರೆ ವೇದಿಕೆ ಇಲ್ಲ. ಅಲ್ಲಿ ಶಾಲೆಯ ಆಯ್ಕೆ ನೇರವಾಗಿ ಪರಿಣಾಮ ಬೀರುತ್ತದೆ. ಬ್ಯಾಸ್ಕೆಟ್‌ಬಾಲ್ ಅರ್ಧ ದಾರಿಯದು. ಶಾಲಾ ಋತು ಮುಖ್ಯವೇ, ಆದರೆ ಒಂದೇ ಕಡೆ ನೂರಾರು ತಂಡಗಳು ಸೇರುವ ಬೇಸಿಗೆಯ ಕ್ಲಬ್ ಟೂರ್ನಿಗಳಲ್ಲಿ ಕೋಚ್‌ಗಳು ಒಂದು ವಾರಾಂತ್ಯದಲ್ಲಿ ನೋಡುವಷ್ಟು ಆಟಗಾರರನ್ನು ಶಾಲೆಗಳಿಗೆ ಅಲೆದು ತಿಂಗಳಲ್ಲೂ ನೋಡಲಾರರು.

ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ಮತ್ತು ವಾಲಿಬಾಲ್‌ನಲ್ಲಿ ಕ್ಲಬ್‌ನದೇ ಮೇಲುಗೈ. ಹುಡುಗರ ಸಾಕರ್ ಕ್ಲಬ್‌ಗಳ ಲೀಗ್ ಎಂಎಲ್‌ಎಸ್ ನೆಕ್ಸ್ಟ್‌ನ ಮೇಲ್ಸ್ತರದ ತಂಡಗಳಲ್ಲಿರುವ ಹುಡುಗರು ಸಾಮಾನ್ಯವಾಗಿ ಶಾಲಾ ತಂಡಕ್ಕೆ ಆಡುವುದೇ ಇಲ್ಲ. ಅಂಥವರು ಸಾಕರ್‌ಗಾಗಿ ದುಬಾರಿ ಖಾಸಗಿ ಶಾಲೆ ಸೇರಿದರೆ ಮದುವೆಯ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಟೆನಿಸ್‌ನಲ್ಲಿ ಕೋಚ್ ನೋಡುವುದು ಯುಟಿಆರ್ ಎಂಬ ರೇಟಿಂಗ್ ಮತ್ತು ಪಂದ್ಯಾವಳಿಗಳ ಫಲಿತಾಂಶ. ಗಾಲ್ಫ್‌ನಲ್ಲಿ ರಾಷ್ಟ್ರೀಯ ಜೂನಿಯರ್ ಟೂರ್ನಿಗಳ ಸ್ಕೋರು.

ಈಜು ಮತ್ತು ಅಥ್ಲೆಟಿಕ್ಸ್‌ನಲ್ಲಿ ಗಡಿಯಾರ ಮತ್ತು ಅಳತೆಪಟ್ಟಿ ಮಾತಾಡುತ್ತವೆ. ದೆಹಲಿಯ ತೇಜಸ್ವಿನ್ ಶಂಕರ್ 2016ರಲ್ಲಿ, ಹದಿನೇಳರ ಹರೆಯದಲ್ಲಿ, 2.26 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿದರು. ಮರುವರ್ಷ ಅವರು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಪಡೆದು ಹೋದರು. 2018 ಮತ್ತು 2022ರಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. ಅಮೆರಿಕದ ಯಾವ ಹೈಸ್ಕೂಲಿನ ಮೆಟ್ಟಿಲನ್ನೂ ಅವರು ಹತ್ತಿರಲಿಲ್ಲ.

ಸಮಯದ ಲೆಕ್ಕವೂ ಇದೆ. ಬಹುಪಾಲು ಆಟಗಳಲ್ಲಿ ಹತ್ತನೇ ತರಗತಿ ಮುಗಿದ ನಂತರದ ಜೂನ್ 15ರವರೆಗೆ ಡಿವಿಷನ್ 1ರ ಕೋಚ್ ಮಗುವಿನೊಂದಿಗೆ ನೇರವಾಗಿ ಆಯ್ಕೆಯ ಮಾತಾಡುವಂತಿಲ್ಲ. ಅದಕ್ಕೂ ಮುಂಚೆ ಮನೆಗೆ ಬರುವ ‘ಕ್ಯಾಂಪಿಗೆ ಆಹ್ವಾನ’ದ ಪತ್ರಗಳನ್ನು ಕರೆಯೆಂದು ತಿಳಿಯಬಾರದು. ಕ್ಯಾಂಪಿಗೆ ಶುಲ್ಕವಿರುತ್ತದೆ, ಪತ್ರ ಸಾವಿರಾರು ಮನೆಗಳಿಗೆ ಹೋಗಿರುತ್ತದೆ.

ಅಂಕಪಟ್ಟಿಯಲ್ಲಿ ಅಡಗಿರುವ ಬಲೆ

ಆಟವನ್ನು ಕ್ಲಬ್ ಕಲಿಸಬಹುದು, ತೋರಿಸಲೂಬಹುದು. ಕ್ಲಬ್ ಕೊಡಲಾಗದ್ದು, ಶಾಲೆ ಮಾತ್ರ ಕೊಡುವಂಥದ್ದು ಅಂಕಪಟ್ಟಿ. ಶಾಲೆಯ ಆಯ್ಕೆ ನಿಜವಾಗಿ ಕಚ್ಚುವುದು ಇಲ್ಲಿ, ಮತ್ತು ಇದರ ಬಗ್ಗೆಯೇ ಚರ್ಚೆ ಕಡಿಮೆ.

ಡಿವಿಷನ್ 1ರಲ್ಲಿ ಮೊದಲ ವರ್ಷವೇ ಆಡಬೇಕಾದರೆ 16 ಮೂಲ ವಿಷಯಗಳನ್ನು ಮುಗಿಸಿರಬೇಕು: ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೊಂದು, ಸಮಾಜ ವಿಜ್ಞಾನ 2, ಜೊತೆಗೆ ಇವುಗಳಿಂದಲೋ ವಿದೇಶಿ ಭಾಷೆ, ತತ್ವಶಾಸ್ತ್ರಗಳಿಂದಲೋ ಮತ್ತೆ 4. ಈ ವಿಷಯಗಳ ಸರಾಸರಿ 4ಕ್ಕೆ 2.3 ಇರಬೇಕು. ಡಿವಿಷನ್ 2ಕ್ಕೆ 2.2 ಸಾಕು. ಎಸ್‌ಎಟಿ, ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳ ಅಂಕಗಳ ಅಗತ್ಯವನ್ನು ಎನ್‌ಸಿಎಎ 2023ರಲ್ಲಿ ಕೈಬಿಟ್ಟಿತು. ಕಾಲೇಜುಗಳು ತಮ್ಮ ಪ್ರವೇಶಕ್ಕೆ ಕೇಳುವುದು ಬೇರೆ ಮಾತು.

2.3 ಎಂದರೆ ನಮ್ಮ ಮನೆಗಳಲ್ಲಿ ಮುಖ ಗಂಟಿಕ್ಕುವಷ್ಟು ಕಡಿಮೆ. ಎಡವುವುದು ಅಲ್ಲಲ್ಲ. ಮೊದಲನೆಯದಾಗಿ, ಪಾಠವನ್ನು ಎನ್‌ಸಿಎಎ ಮುಂಚಿತವಾಗಿ ಮಾನ್ಯ ಮಾಡಿರಬೇಕು. ಪ್ರತಿ ಶಾಲೆಗೂ ಮಾನ್ಯ ವಿಷಯಗಳ ಪಟ್ಟಿಯಿದೆ, ಅದನ್ನು ಯಾರು ಬೇಕಾದರೂ ಎನ್‌ಸಿಎಎ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಹೊಸದಾಗಿ ತೆರೆದ ಕ್ರೀಡಾ ಅಕಾಡೆಮಿ, ಆನ್‌ಲೈನ್ ಶಾಲೆಗಳಲ್ಲಿ ಈ ಪಟ್ಟಿ ತೆಳ್ಳಗಿರಬಹುದು. ಮಗು ಎ ದರ್ಜೆ ಪಡೆದ ಪಾಠ ಲೆಕ್ಕಕ್ಕೇ ಬಾರದಿರಬಹುದು. ಎರಡನೆಯದಾಗಿ, 16ರಲ್ಲಿ 10 ವಿಷಯಗಳು ಹನ್ನೆರಡನೇ ತರಗತಿ ಶುರುವಾಗುವ ಮುನ್ನವೇ ಮುಗಿದಿರಬೇಕು. ಅವುಗಳಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವಾಗಿರಬೇಕು. ಆ ಹಂತದಲ್ಲಿ ಅಂಕಗಳಿಗೆ ಬೀಗ ಬೀಳುತ್ತದೆ. ಆಮೇಲೆ ಮತ್ತೆ ಬರೆದು ಸರಾಸರಿ ಏರಿಸುವಂತಿಲ್ಲ. ಸಪ್ಲಿಮೆಂಟರಿ ಪರೀಕ್ಷೆಯ ಅಭ್ಯಾಸವಿರುವವರು ಇದನ್ನು ಎರಡು ಸಲ ಓದುವುದು ಒಳ್ಳೆಯದು.

ಮೂರನೆಯದು ‘ಒಂದು ವರ್ಷ ಹಿಂದಕ್ಕೆ ಹಾಕುವ’ ತಂತ್ರ. ಮಗು ಮೈಕೈ ತುಂಬಿಕೊಳ್ಳಲಿ ಎಂದು ಒಂದು ತರಗತಿಯನ್ನು ಮತ್ತೆ ಓದಿಸುವುದು ಅಲ್ಲಿ ವ್ಯಾಪಕವಾಗಿದೆ. ಆದರೆ ಡಿವಿಷನ್ 1ರ ಗಡಿಯಾರ ಒಂಬತ್ತನೇ ತರಗತಿಗೆ ಕಾಲಿಟ್ಟ ದಿನವೇ ಶುರುವಾಗುತ್ತದೆ. ಅಲ್ಲಿಂದ ನಾಲ್ಕು ವರ್ಷಗಳಲ್ಲಿ 16 ವಿಷಯ ಮುಗಿಯಬೇಕು. ಸಮಯಕ್ಕೆ ಸರಿಯಾಗಿ ಪಾಸಾದವರಿಗೆ ಆಮೇಲೆ ಒಂದೇ ಒಂದು ವಿಷಯ ಸೇರಿಸಲು ಅವಕಾಶವಿದೆ. ಎಂಟನೇ ತರಗತಿಯನ್ನು ಎರಡು ಸಲ ಓದಿದರೆ ಈ ಗಡಿಯಾರ ತಟ್ಟುವುದಿಲ್ಲ, ಹತ್ತನೆಯದನ್ನು ಓದಿದರೆ ತಟ್ಟುತ್ತದೆ.

ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್ 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಐಎಂಜಿ ಅಕಾಡೆಮಿಗೆ ಹೋದರು. ಏಳಡಿ ದಾಟಿದ ಎತ್ತರ, ದೇಶದಲ್ಲೇ ಹೆಸರಾದ ಶಾಲೆ, ಕೋಚ್‌ಗಳ ಕಣ್ಣು, ಎಲ್ಲವೂ ಇತ್ತು. ಇಂಗ್ಲಿಷ್ ಗೊತ್ತಿಲ್ಲದೆ ಹೋದ ಹುಡುಗನಿಗೆ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಶೈಕ್ಷಣಿಕ ಅರ್ಹತೆ ಕೈಗೆಟುಕಲಿಲ್ಲ. 2015ರಲ್ಲಿ ಡಲ್ಲಾಸ್ ತಂಡ 52ನೆಯವರಾಗಿ ಆರಿಸಿ, ಅವರು ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯರಾದರು. ಆದರೆ ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ನಡುವೆ ಆಟ ಬಲಿಯಬೇಕಾಗಿದ್ದ ಕಾಲೇಜು ವರ್ಷಗಳು ಇರಲೇ ಇಲ್ಲ.

ಬದಲಿಸಿದ ಮೇಲೆ ಕೂರಿಸುವ ನಿಯಮ

ಮೊದಲು ಒಂದು ಶಾಲೆಗೆ ಸೇರಿ, ಆಮೇಲೆ ಬೇಕಾದರೆ ಬದಲಿಸೋಣ ಎಂಬ ಲೆಕ್ಕಾಚಾರಕ್ಕೆ ಆಯಾ ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ಅಡ್ಡ ಬರಬಹುದು. ಟೆಕ್ಸಾಸ್‌ನಲ್ಲಿ ಆಟಕ್ಕಾಗಿಯೇ ಶಾಲೆ ಬದಲಿಸಿದ್ದು ಎಂದು ಜಿಲ್ಲಾ ಸಮಿತಿ ತೀರ್ಮಾನಿಸಿದರೆ ಒಂದು ವರ್ಷ ಮುಖ್ಯ ತಂಡದಲ್ಲಿ ಆಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬದಲಿಸದೆ ಶಾಲೆ ಮಾತ್ರ ಬದಲಿಸಿದವರು ಋತುವಿನ ಒಂದು ಭಾಗ ಹೊರಗೆ ಕೂರಬೇಕಾಗುತ್ತದೆ. ಫ್ಲಾರಿಡಾ 2016ರ ಕಾನೂನಿನಿಂದ ಬಾಗಿಲನ್ನು ಬಹುಮಟ್ಟಿಗೆ ತೆರೆದಿಟ್ಟಿದೆ. ವಿಳಾಸದ ಸುಳ್ಳು ದಾಖಲೆ ಕೊಟ್ಟರೆ ಶಿಕ್ಷೆ ಇನ್ನೂ ಕಠಿಣ. 2025ರ ಶರತ್ಕಾಲದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಖಾಸಗಿ ಶಾಲೆಯೊಂದು ಅನರ್ಹ ಆಟಗಾರರ ಗೊಂದಲದಲ್ಲಿ ಸಿಲುಕಿ ಇಡೀ ಫುಟ್‌ಬಾಲ್ ಋತುವನ್ನೇ ರದ್ದು ಮಾಡಿತು. ತಪ್ಪು ಮಾಡದ ಸಹಪಾಠಿಗಳ ವರ್ಷವೂ ಅದರೊಂದಿಗೆ ಹೋಯಿತು.

ವೀಸಾದ ಮನೆಗಳಿಗೆ ಬೇರೆ ಲೆಕ್ಕ

ಎಚ್‌-1ಬಿ ಉದ್ಯೋಗಿಯ ಮಕ್ಕಳು ಎಚ್‌-4 ವೀಸಾದಲ್ಲಿರುತ್ತಾರೆ. ಅವರು ದುಡಿಯುವಂತಿಲ್ಲ. ವಿದ್ಯಾರ್ಥಿವೇತನ ಪಡೆಯಲು ತೊಂದರೆಯಿಲ್ಲ, ಆದರೆ ಹೆಸರು ಮತ್ತು ಚಿತ್ರ ಬಳಸಲು ಬಿಟ್ಟು ಹಣ ಪಡೆಯುವ ಜಾಹೀರಾತು ಒಪ್ಪಂದ, ಕಾಲೇಜು ಹಂಚುವ ಆದಾಯ ಇವೆಲ್ಲ ‘ಕೆಲಸ’ ಎನಿಸಿಕೊಂಡರೆ ವೀಸಾಕ್ಕೇ ಕುತ್ತು. 21 ತುಂಬಿದಾಗ ಎಚ್‌-4 ಮುಗಿದು ಎಫ್‌-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಅಲ್ಲಿಯೂ ದುಡಿಮೆಗೆ ಕಟ್ಟುಪಾಡುಗಳಿವೆ. ಹೊಸ ಒಪ್ಪಂದದ ಕೋಟಿಗಳ ಆಸೆಯಿಂದ ಶಾಲೆ ಆರಿಸುವ ಮುನ್ನ ಈ ಮನೆಗಳು ವಲಸೆ ವಕೀಲರನ್ನು ಕಾಣುವುದು ಕೋಚ್‌ನನ್ನು ಕಾಣುವುದಕ್ಕಿಂತ ಮುಖ್ಯ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಗುವನ್ನು ಅಮೆರಿಕದ ಹೈಸ್ಕೂಲಿಗೇ ಕಳಿಸುವ ಯೋಚನೆಯಿದ್ದರೆ, ಎಫ್‌-1 ವೀಸಾದಲ್ಲಿ ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ 12 ತಿಂಗಳಿಗಿಂತ ಹೆಚ್ಚು ಓದುವಂತಿಲ್ಲ, ಅದಕ್ಕೂ ಪೂರ್ಣ ವೆಚ್ಚ ಕೊಡಬೇಕು. ಉಳಿಯುವುದು ಖಾಸಗಿ ಶಾಲೆ. ವಸತಿ ಅಕಾಡೆಮಿಗಳ ವಾರ್ಷಿಕ ಶುಲ್ಕ ಹಲವು ಹತ್ತು ಸಾವಿರ ಡಾಲರ್. ಟೆನಿಸ್, ಈಜು, ಅಥ್ಲೆಟಿಕ್ಸ್‌ನ ಮಕ್ಕಳು ಇಲ್ಲಿಯೇ ಪಿಯುಸಿ ಮುಗಿಸಿ ನೇರ ಕಾಲೇಜಿಗೆ ಪ್ರಯತ್ನಿಸುವುದು ಹೆಚ್ಚು ವಿವೇಕದ ದಾರಿ. ಅವರ ಒಂಬತ್ತನೇ ತರಗತಿಯಿಂದ ಮುಂದಿನ ಎಲ್ಲ ದಾಖಲೆಗಳನ್ನೂ ಎನ್‌ಸಿಎಎ ಕೇಳುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೊಂದನ್ನೇ ಜೋಪಾನ ಮಾಡಿದರೆ ಸಾಲದು.

ಮುಂದೆ ಏನಾಗಬಹುದು

ಡಿವಿಷನ್ 1ರ ಬಾಗಿಲಲ್ಲಿ ಹಿಂತಿರುಗಿದವರು ಕೆಳಗಿನ ದರ್ಜೆಗಳಿಗೆ, ಸಮುದಾಯ ಕಾಲೇಜುಗಳಿಗೆ ಹರಿಯುತ್ತಾರೆ. ಅಲ್ಲಿ ಪೈಪೋಟಿ ಏರುತ್ತದೆ. ಡಿವಿಷನ್ 3ರ ಎಂಐಟಿ, ಶಿಕಾಗೊ, ವಿಲಿಯಮ್ಸ್, ಆ್ಯಮ್‌ಹರ್ಸ್ಟ್‌ಗಳು ಆಟಕ್ಕೆ ಹಣ ಕೊಡುವುದಿಲ್ಲ. ಹಾರ್ವರ್ಡ್, ಕೊಲಂಬಿಯಾ ಸೇರಿದ ಐವಿ ಲೀಗ್ ಡಿವಿಷನ್ 1ರಲ್ಲಿದ್ದೂ ಕೊಡುವುದಿಲ್ಲ, 2025ರ ಒಪ್ಪಂದದಿಂದಲೂ ಹೊರಗುಳಿದಿದೆ. ಆದರೆ ಕೋಚ್ ಬಯಸಿದ ವಿದ್ಯಾರ್ಥಿಯ ಅರ್ಜಿಗೆ ಇಂಥ ಕಡೆ ತೂಕವಿದೆ. ಆ ತೂಕ ಎಷ್ಟೆಂಬುದಕ್ಕೆ 2019ರ ಪ್ರವೇಶ ಹಗರಣವೇ ಸಾಕ್ಷಿ: ಶ್ರೀಮಂತರು ಕೋಚ್‌ಗಳಿಗೆ ಲಂಚ ಕೊಟ್ಟು, ಆಟವನ್ನೇ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿದ್ದರು. ಓದಿನಲ್ಲಿ ಗಟ್ಟಿಯಿರುವ, ಆಟದಲ್ಲಿ ಎರಡನೇ ಸಾಲಿನಲ್ಲಿರುವ ಮಗುವಿಗೆ ಹಣಕ್ಕಿಂತ ಈ ಪ್ರವೇಶವೇ ದೊಡ್ಡ ಲಾಭ. ಅದಕ್ಕೆ ಬೇಕಾದದ್ದು ಕಠಿಣ ಗಣಿತ, ವಿಜ್ಞಾನದ ಪಾಠಗಳಿರುವ ಶಾಲೆ. ಟ್ರೋಫಿಗಳ ಕಪಾಟು ಆಮೇಲಿನ ಮಾತು.

ಶಾಲೆ ನೋಡಲು ಹೋದಾಗ ಕೋಚ್ ಸಾಮಾನ್ಯವಾಗಿ ಆ ಕಪಾಟಿನ ಮುಂದೆಯೇ ನಿಲ್ಲಿಸಿ ಮಾತು ಶುರುಮಾಡುತ್ತಾನೆ. ಕಳೆದ ನಾಲ್ಕು ವರ್ಷಗಳಲ್ಲಿ ಇಲ್ಲಿಂದ ಕಾಲೇಜಿಗೆ ಆಡಲು ಹೋದವರೆಷ್ಟು, ಅವರಲ್ಲಿ ಎಷ್ಟು ಮಂದಿ ಒಂಬತ್ತನೇ ತರಗತಿಯಿಂದ ಇಲ್ಲಿಯೇ ಓದಿದವರು, ಎಷ್ಟು ಮಂದಿ ಹನ್ನೊಂದಕ್ಕೆ ಬೇರೆ ಕಡೆಯಿಂದ ಬಂದವರು ಎಂದು ಕೇಳಬೇಕು. ಮಗುವಿನ ಸ್ಥಾನದಲ್ಲಿ ಈಗ ಆಡುತ್ತಿರುವವರು ಯಾವ ತರಗತಿಯಲ್ಲಿದ್ದಾರೆಂದು ಕೇಳಬೇಕು. ಆಮೇಲೆ ಕ್ರೀಡಾ ವಿಭಾಗದಿಂದ ಎದ್ದು ಶೈಕ್ಷಣಿಕ ಸಲಹೆಗಾರರ ಕೋಣೆಗೆ ಹೋಗಿ, ಹತ್ತನೇ ತರಗತಿಯ ವೇಳಾಪಟ್ಟಿಯನ್ನು ಎನ್‌ಸಿಎಎ ಮಾನ್ಯ ವಿಷಯಗಳ ಪಟ್ಟಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಅರ್ಧ ಗಂಟೆಯ ಕೆಲಸ.